ಬಲೆಕೊಟ್ಟಿಗೆಯ ಕರೆಂಟು

ಮರವಂತೆಯ ಜಲಜ ಬಲೆಕೊಟ್ಟಿಗೆಗೆ ಹೋಗುವಾಗ ಚಪ್ಪಲಿಯನ್ನು ಹೊರಗೆ ಬಿಡುತ್ತಿದ್ದಳು. ದೇವರ ಕೋಣೆಯ ಮುಂದೆ ಚಪ್ಪಲಿ ಬಿಡುವವರನ್ನು ಎಲ್ಲರೂ ಕಂಡಿದ್ದಾರೆ; ಐಸಿನ ನೀರು ನಿಂತ ಸಿಮೆಂಟು ನೆಲದ ಮೇಲೆ, ಹಳೆಯ ಹಗ್ಗ ಬಲೆಗಳ ನಡುವೆ, ಬರಿಗಾಲಲ್ಲಿ ನಡೆಯುವವರನ್ನು ಕಂಡವರು ಕಡಿಮೆ. ಯಾರಾದರೂ ಕೇಳಿದರೆ, "ಅನ್ನ ಕೊಡು ಮೀನ್ ಇಪ್ಪು ಜಾಗ. ಅಲ್ಲ್ ಚಪ್ಲಿ ಯಂತಕೆ?" ಎಂದು ಮಾತನ್ನು ಅಲ್ಲಿಗೇ ಮುಗಿಸುತ್ತಿದ್ದಳು.

ನಿಜವಾದ ಕಾರಣ ಬೇರೆ ಇತ್ತು. ಅದನ್ನು ಆಕೆ ಮಗಳಿಗೂ ಹೇಳಿರಲಿಲ್ಲ.

ಕೊಟ್ಟಿಗೆಯ ಮೂಲೆಯಲ್ಲಿ ಮೀನಿಡುವ ದೊಡ್ಡ ಫ್ರೀಜರ್ ಇತ್ತು. ಒದ್ದೆ ಕೈಯಲ್ಲಿ ಅದರ ಹಿಡಿಯನ್ನು ಮುಟ್ಟಿದರೆ ಬೆರಳ ತುದಿಯಲ್ಲಿ ಏನೋ ಜುಮ್ಮೆಂದು ಹುಟ್ಟಿ, ಮಣಿಕಟ್ಟನ್ನು ದಾಟಿ, ಮೊಣಕೈಯವರೆಗೆ ಬಂದು ನಿಲ್ಲುತ್ತಿತ್ತು. ಚಪ್ಪಲಿ ಹಾಕಿಕೊಂಡಿದ್ದರೆ ಬರುತ್ತಿರಲಿಲ್ಲ. ಬರಿಗಾಲಲ್ಲಿ ಹೋದರೆ ಮಾತ್ರ ಬರುತ್ತಿತ್ತು. ಅದು ತೀರಿಹೋದ ತನ್ನ ಗಂಡ ಸೂರನೆಂದು ಜಲಜ ನಂಬಿದ್ದಳು.

ಸೂರ ಮಾತು ಕಡಿಮೆಯ ಮನುಷ್ಯ. ಚಹಾ ಬೇಕಾದರೂ, ಕಡಲಿಗೆ ಹೊರಟೆನೆಂದು ತಿಳಿಸಬೇಕಾದರೂ, ಹಿಂದಿನಿಂದ ಬಂದು ಬೆರಳ ಗೆಣ್ಣಿನಿಂದ ಹೆಂಡತಿಯ ಮೊಣಕೈಗೆ ಮೆಲ್ಲಗೆ ತಟ್ಟುತ್ತಿದ್ದ. ಮದುವೆಯಾದ ಹೊಸತರಲ್ಲಿ ಜಲಜ ಬೆಚ್ಚಿಬೀಳುತ್ತಿದ್ದಳು. ಆಮೇಲೆ ಅಭ್ಯಾಸವಾಗಿ, ತಟ್ಟಿದ ಬಗೆಯಿಂದಲೇ ಏನು ಬೇಕೆಂಬುದನ್ನು ತಿಳಿಯುವಳಾದಳು. ಒಂದು ಆಷಾಢದಲ್ಲಿ ಅವನಿದ್ದ ನಾಡದೋಣಿ ಅಲೆಗೆ ಮಗುಚಿತು. ಜೊತೆಗಿದ್ದವರು ಹೇಗೋ ದಡ ಸೇರಿದರು. ಸೂರನನ್ನು ಕಡಲು ಕೊಡಲೇ ಇಲ್ಲ. ಗಂಗೊಳ್ಳಿಯಿಂದ ಶಿರೂರಿನ ತನಕ ಹುಡುಕಿದರು. ಕೊನೆಗೆ ದರ್ಭೆಯ ಗೊಂಬೆಯನ್ನು ಮಾಡಿ, ಅವನೆಂದು ಭಾವಿಸಿ ಸುಟ್ಟರು.

ಅವರ ಕುಟುಂಬದ ಕ್ರಮದಲ್ಲಿ ಗಂಡಸು ಸತ್ತರೆ ಅವನು ತಾಯಿಮನೆಗೆ ಸೇರಿದವನು. ಉತ್ತರಕ್ರಿಯೆಯ ದಿನ ಎಲೆ ಬಡಿಸಿ, ಬಾಗಿಲಲ್ಲಿ ನಿಂತು ಹೆಸರು ಹಿಡಿದು, ಸತ್ತವನನ್ನು ಒಳಗೆ ಕರೆದುಕೊಳ್ಳುವುದು ಆ ಮನೆಯಲ್ಲಿಯೇ. ಸೂರನನ್ನೂ ನಾವುಂದದ ತಾಯಿಮನೆಗೆ ಕರೆದರು. ಕರೆದವಳು ಅವನ ತಂಗಿ ಅಕ್ಕು. ಹೆಂಡತಿಯಾದವಳಿಗೆ ಅಲ್ಲಿ ಕೆಲಸವಿರಲಿಲ್ಲ. ಜಲಜ ಹೆಂಗಸರ ಹಿಂದೆ ಗೋಡೆಗೆ ಒರಗಿ ಕೂತು, ಇನ್ನೊಂದು ಮನೆಯ ಹೊಸ್ತಿಲಿನಿಂದ ತನ್ನ ಗಂಡ ಒಳಗೆ ಹೋಗುವುದನ್ನು, ಕಾಣದಿದ್ದರೂ, ನೋಡಿದಳು. ಸಂಜೆ ಮನೆಗೆ ಮರಳಿ, ಕಾಲು ತೊಳೆದು, ಯಾವ ಯೋಚನೆಯೂ ಇಲ್ಲದೆ ಮೊದಲ ಸಲ ಬರಿಗಾಲಲ್ಲಿ ಕೊಟ್ಟಿಗೆಗೆ ಹೋಗಿ ಫ್ರೀಜರಿನ ಹಿಡಿಗೆ ಒದ್ದೆ ಕೈಯಿಟ್ಟಾಗ ಮೊಣಕೈಗೆ ತಟ್ಟಿದಂತಾಯಿತು.

ಆಕೆ ಕೈ ತೆಗೆಯಲಿಲ್ಲ. ಅಲ್ಲಿ ಕರೆದರೂ ಇಲ್ಲಿಗೆ ಬಂದರಲ್ಲ ಎಂದು ಮೊದಲ ಸಲ ಬಾಯಿಬಿಟ್ಟು ಅತ್ತಳು.

ಅಂದಿನಿಂದ ಜಲಜಳ ಬದುಕಿಗೆ ಒಂದು ಗುಟ್ಟಿನ ಆಸರೆ ಸಿಕ್ಕಿತು. ಬುಟ್ಟಿ ಹೊತ್ತು ವಂಡ್ಸೆಯ ಬಸ್ಸು ಹತ್ತಿದಳು, ಸಿದ್ದಾಪುರದ ಸಂತೆಯಲ್ಲಿ ಕೂತಳು. ಕೆಲವು ವರ್ಷಗಳಾದ ಮೇಲೆ ಕುಂದಾಪುರದ ಹೋಟೆಲುಗಳಿಗೆ ಮೀನು ಕೊಡುವಷ್ಟು ಬೆಳೆದಳು. ಬಂಗುಡೆಯ ಕಣ್ಣನ್ನು ನೋಡಿ ಅದು ಕಡಲು ಬಿಟ್ಟು ಎಷ್ಟು ಹೊತ್ತಾಯಿತೆಂದು ಹೇಳುವವಳು, ಚೌಕಾಸಿಗೆ ಬಂದವರನ್ನು ನಗಿಸಿಯೇ ಸೋಲಿಸುವವಳು ಎಂದು ಹೆಸರಾಯಿತು. ಮಗಳು ಶರಣ್ಯಾಳನ್ನು ಓದಿಸಿದಳು. ಇಷ್ಟರ ನಡುವೆಯೂ ದಿನದ ವಿಷಯವನ್ನೆಲ್ಲ ಕೊಟ್ಟಿಗೆಯಲ್ಲಿ ನಿಂತು ಹೇಳುವುದು ಮಾತ್ರ ತಪ್ಪಲಿಲ್ಲ. ಬೇಸಗೆಯಲ್ಲಿ ಆ ತಟ್ಟುವಿಕೆ ನಿತ್ರಾಣವಾಗುತ್ತಿತ್ತು. ಇದ್ದಾನೋ ಇಲ್ಲವೋ ಎಂದು ಕಣ್ಣು ಮುಚ್ಚಿ ಕಾಯಬೇಕಾಗುತ್ತಿತ್ತು. ಮಳೆಗಾಲದಲ್ಲಿ ಜೋರಾಗಿ, ಕೆಲವೊಮ್ಮೆ ಹಲ್ಲು ಕಡಿಯುವಷ್ಟು ಬರುತ್ತಿತ್ತು. ಸತ್ತದ್ದು ಮಳೆಗಾಲದಲ್ಲಲ್ಲವೇ, ಆಗ ಅವನಿಗೆ ಸಂಕಟ ಹೆಚ್ಚು ಎಂದುಕೊಂಡು ಆಕೆ ಇನ್ನೂ ಸ್ವಲ್ಪ ಹೊತ್ತು ನಿಲ್ಲುತ್ತಿದ್ದಳು. ಫ್ರೀಜರ್ ಹಳತಾಯಿತು, ಹೊಸತು ತರೋಣವೆಂದು ಮಗಳು ಹೇಳಿದಾಗಲೆಲ್ಲ ಏನಾದರೊಂದು ನೆಪ ಹುಡುಕುತ್ತಿದ್ದಳು.

ಶರಣ್ಯಾಳಿಗೆ ಬ್ರಹ್ಮಾವರದ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ಕುಂದಾಪುರದಲ್ಲಿ ಬಸ್ಸು ಬದಲಿಸಿ, ನಿಂತುಕೊಂಡೇ ಹೋಗಿ ಬಂದು ಸಾಕಾಗಿ, ಒಂದು ಸಣ್ಣ ಎಲೆಕ್ಟ್ರಿಕ್ ಕಾರನ್ನು ಕೊಂಡಳು. ಬಲೆಕೊಟ್ಟಿಗೆಯಲ್ಲಿ ಅರ್ಧ ಜಾಗ ಖಾಲಿಯಾಗಿಯೇ ಇತ್ತು. ಹಳೆಯ ಬಲೆಗಳನ್ನು ಅಟ್ಟಕ್ಕೆ ಏರಿಸಿ, ಬಾಗಿಲನ್ನು ಅಗಲ ಮಾಡಿಸಿ, ಕಾರನ್ನು ಒಳಗೆ ತಂದು ನಿಲ್ಲಿಸಿದರು. ಜಲಜಳಿಗೆ ಸಂತೋಷವೇ ಆಯಿತು. ಅಪ್ಪನ ಕೊಟ್ಟಿಗೆಯಲ್ಲಿ ಮಗಳ ಕಾರು ನಿಂತಿತೆಂದು ಹಿಡಿಗೆ ಕೈಯಿಟ್ಟು ಹೇಳಿಯೂ ಬಂದಳು.

ಆದರೆ ಕಾರು ಕರೆಂಟನ್ನು ತೆಗೆದುಕೊಳ್ಳಲಿಲ್ಲ. ಕಾರಿನೊಂದಿಗೆ ಬಂದ ತಂತಿಯ ನಡುವೆ ಒಂದು ಪೆಟ್ಟಿಗೆಯಿತ್ತು. ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದ ಕೂಡಲೇ ಅದರಲ್ಲಿ ಕೆಂಪು ದೀಪ ಹತ್ತಿತು. ತೆಗೆದು ಹಾಕಿದರೂ ಕೆಂಪು, ಬೇರೆ ಪ್ಲಗ್ಗಿಗೆ ಹಾಕಿದರೂ ಕೆಂಪು. ಶರಣ್ಯಾ ತ್ರಾಸಿಯ ಪ್ರೇಮಾನಂದನಿಗೆ ಫೋನು ಮಾಡಿದಳು.

ಪ್ರೇಮಾನಂದ ಲೈಸೆನ್ಸು ಪಡೆದ ಇಲೆಕ್ಟ್ರಿಷಿಯನ್. ಸುತ್ತಿನ ಊರುಗಳ ಅರ್ಧ ಮನೆಗಳ ವಯರಿಂಗ್ ಅವನದೇ. ಕೈಗಿಂತ ಬಾಯಿ ಮುಂದು. ಬಂದವನು ಕೆಂಪು ದೀಪವನ್ನು ನೋಡಿ ನಕ್ಕ.

"ಹೆಣ್ಣೇ, ನಿನ್ನ ಕಾರ್ ಭಾರಿ ಜಾಣ. ಅರ್ಥಿಂಗ್ ಇಲ್ದೆ ಉಂಬುದಿಲ್ಲ ಅಂದೇಳಿ ಉಪಾಸ ಕೂತಿತ್ತ್."

"ಮೊದ್ಲಿಂದ ಎಲ್ಲಾ ಸಮ ಇದ್ದಿತ್ತಲೆ ಪ್ರೇಮಣ್ಣ? ಫ್ರಿಜ್, ಮಿಕ್ಸಿ, ಎಲ್ಲಾ ತಿರ್ಗ್ತ್ ಇತ್ತ್."

"ಅವೆಲ್ಲ ಪಾಪದ್ದ್, ಎಂತ ಕೊಟ್ರೂ ತಿಂತೋ. ಇದ್ ವಿಚಾರ್ಸಿ ತಿಂಬು ಜಾತಿ."

ಮನೆಯ ಲೋಹದ ಸಾಮಾನುಗಳಲ್ಲಿ ಎಲ್ಲಿಯಾದರೂ ಕರೆಂಟು ಸೋರಿದರೆ, ಅದು ಮನುಷ್ಯನ ಮೈಯನ್ನು ಹುಡುಕದೆ ನೆಲಕ್ಕೆ ಇಳಿದುಹೋಗಲೆಂದು ಒಂದು ತಂತಿಯನ್ನು ನೆಲದೊಳಗೆ ಇಳಿಸಿರುತ್ತಾರೆ. ಜಲಜಳ ಮನೆಯಲ್ಲಿ ಆ ತಂತಿ ಎಲ್ಲಿಗೆ ಹೋಗುತ್ತದೆಯೆಂದು ಪ್ರೇಮಾನಂದ ಗೋಡೆ ಹಿಡಿದು ಹುಡುಕುತ್ತ ಹೊರಟ. ಅದು ಬಾವಿಯ ಕಟ್ಟೆಗೆ ಹೋಗಿ, ಪಂಪಿನ ಪೈಪಿಗೆ ಸುತ್ತಿಕೊಂಡಿತ್ತು. ಆ ಕಾಲದಲ್ಲಿ ಕಡಲ ಬದಿಯ ಮನೆಗಳಲ್ಲಿ ಹಾಗೆಯೇ ಮಾಡುತ್ತಿದ್ದರು. ಕಬ್ಬಿಣದ ಪೈಪು ಬಾವಿಯ ನೀರಿನಲ್ಲಿ ಮುಳುಗಿರುತ್ತದೆ. ಹೊಂಡ ತೋಡುವ ಖರ್ಚೇಕೆ, ಅದಕ್ಕೇ ಕಟ್ಟಿದರೆ ಸಾಕು ಎಂಬ ಲೆಕ್ಕ. ಪ್ರೇಮಾನಂದ ಪೈಪನ್ನು ಬೆರಳಿನಿಂದ ಬಡಿದು ನೋಡಿದ. ಅದು ಪ್ಲಾಸ್ಟಿಕ್ಕಿನದು.

"ಜಲಜಕ್ಕ, ಈ ಪೈಪ್ ಯಾರ್ ಹಾಕದ್ದ್?"

"ಇವ್ರೇ ಹಾಕದ್ದ್," ಎಂದಳು ಜಲಜ. "ಕಬ್ಬಿಣದ್ದ್ ಉಪ್ಪಿನ್ ಗಾಳಿಗೆ ತುಕ್ಕ್ ಹಿಡ್ದ್ ಮುರ್ದ್ ಹೋಯಿತ್ತ್. ಆ ವರ್ಷದ್ ಬೇಸ್ಗೆಯಂಗೆ ಒಬ್ರೇ ಕೂಕಂಡ್ ಬದ್ಲ್ ಮಾಡ್ರ್." ಅದೇ ವರ್ಷದ ಮಳೆಗಾಲದಲ್ಲಿ ಹೋದರೆಂಬುದನ್ನು ಹೇಳಬೇಕಾಗಿರಲಿಲ್ಲ. ಪ್ರೇಮಾನಂದನೂ ಸೂರನನ್ನು ಹುಡುಕಲು ಹೋದವರಲ್ಲಿ ಒಬ್ಬ.

"ಪಾಪ, ಅವ್ರಿಗೆಂತ ಗೊತ್ತ್. ಪೈಪ್ ಬದ್ಲ್ ಮಾಡಿ ತಂತಿ ಮೊದ್ಲಿನ್ ಹಾಂಗೇ ಸುತ್ತೀರ್. ಪ್ಲಾಸ್ಟಿಕ್ಕಿಗೆ ಸುತ್ತ್ರೂ ಒಂದೇ, ತೆಂಗಿನ್ ಮರಕ್ ಸುತ್ತ್ರೂ ಒಂದೇ. ಅವತ್ತಿಂದ ನಿಮ್ಮನಿಗೆ ಅರ್ಥಿಂಗೇ ಇಲ್ಲೆ. ಒಳ್ಗೆ ಯಾವ್ದಾರೂ ಸಾಮಾನ್ ಶಾಕ್ ಹೊಡಿತಿತ್ತಾ?"

"ಇಲ್ಲೆ," ಎಂದಳು ಜಲಜ. ಎಷ್ಟು ಬೇಗನೆ ಹೇಳಿದಳೆಂದರೆ ಮಗಳು ತಿರುಗಿ ನೋಡಿದಳು.

ಪ್ರೇಮಾನಂದ ಕೊಟ್ಟಿಗೆಗೆ ಬಂದು ಜೇಬಿನಿಂದ ಟೆಸ್ಟರನ್ನು ತೆಗೆದು ಫ್ರೀಜರಿನ ಹಿಡಿಗೆ ತಾಗಿಸಿದ. ಟೆಸ್ಟರಿನ ಹೊಟ್ಟೆಯಲ್ಲಿ ಒಂದು ಪುಟ್ಟ ಕಿತ್ತಳೆ ಬಣ್ಣದ ಬೆಳಕು ಹೊತ್ತಿಕೊಂಡಿತು. ಅದು ನಡುಗುತ್ತಿತ್ತು, ಗಾಳಿಗೆ ಸಿಕ್ಕಿದ ಹಣತೆಯ ಕುಡಿಯಂತೆ ಕುಗ್ಗುತ್ತ ಹಿಗ್ಗುತ್ತ ಇತ್ತು.

ಇಷ್ಟು ವರ್ಷ ಮುಟ್ಟಿದ್ದನ್ನು ಆಕೆ ಕಣ್ಣಿನಿಂದ ಕಂಡಿರಲಿಲ್ಲ.

"ಕಂಡ್ರಿಯಾ? ಇದ್ರಂಗೆ ಸೋರ್ತ್ ಇತ್ತ್," ಎಂದು ಪ್ರೇಮಾನಂದ ಟೆಸ್ಟರನ್ನು ತೆಗೆಯಹೋದ.

"ಒಂಚೂರ್ ಹಿಡ್ಕೊ ಮಾರಾಯ," ಎಂದಳು ಜಲಜ.

ಅವನು ಹಿಡಿದ. ಆಕೆ ಹತ್ತಿರ ಬಂದು, ತಲೆ ಬಗ್ಗಿಸಿ, ಆ ಬೆಳಕನ್ನೇ ನೋಡಿದಳು. ಪ್ರೇಮಾನಂದನಿಗೆ ಅದು ಕಲಿಯುವ ಆಸೆಯಂತೆ ಕಂಡಿರಬೇಕು. ಯಾವ ಟೆಸ್ಟರು ಒಳ್ಳೆಯದೆಂದು ವಿವರಿಸತೊಡಗಿದ. ಆಕೆಗೆ ಒಂದೂ ಕೇಳಿಸಲಿಲ್ಲ.

ಮುಂದಿನದನ್ನು ಅವನು ಸರಳವಾಗಿ ಹೇಳಿದ. ಮೀಟರಿನಿಂದ ಕಾರಿಗಾಗಿಯೇ ಬೇರೆ ದಪ್ಪ ತಂತಿ ಎಳೆಯಬೇಕು, ದೊಡ್ಡ ಪ್ಲಗ್ಗು ಹಾಕಬೇಕು, ಕರೆಂಟು ಸೋರಿದರೆ ತಾನೇ ಬಿದ್ದುಹೋಗುವ ಒಂದು ಸ್ವಿಚ್ಚು ಇಡಬೇಕು. ಎಲ್ಲಕ್ಕಿಂತ ಮೊದಲು ಕೊಟ್ಟಿಗೆಯ ಹಿಂದೆ, ಬಚ್ಚಲ ನೀರು ಹೋಗಿ ತಂಪಾಗಿರುವಲ್ಲಿ, ಆಳದ ಹೊಂಡ ತೋಡಿ ಮನೆಯ ಎಲ್ಲ ಅರ್ಥಿಂಗ್ ತಂತಿಗಳನ್ನೂ ಅಲ್ಲಿಗೆ ಇಳಿಸಬೇಕು.

"ಅದಾದ್ ಮೇಲೆ?" ಎಂದು ಕೇಳಿದಳು ಜಲಜ.

"ಅದಾದ್ ಮೇಲೆ ಎಂತದೂ ಇಲ್ಲೆ ಜಲಜಕ್ಕ. ಫ್ರೀಜರ್ ತಬ್ಕಂಡ್ ಮನ್ಕಂಡ್ರೂ ಎಂತದೂ ಆತಿಲ್ಲೆ."

ಅವನು ಪಿಕಾಸಿ ತರಲು ಬೈಕಿನ ಕಡೆಗೆ ಹೋದ. ಜಲಜ ಕೊಟ್ಟಿಗೆಯ ಹಿಂದಿನ ಮರಳನ್ನು ನೋಡಿದಳು. ಹೊಂಡ ತೋಡಿದರೆ ಸೂರ ಹೋಗುತ್ತಾನೆ. ಇಷ್ಟೇ ಆಕೆಗೆ ತಿಳಿದದ್ದು. ಪೈಪು, ತಂತಿ, ಸೋರುವುದು ಎಲ್ಲ ಅವನು ಹೇಳಿದಂತೆಯೇ ಇರಬಹುದು; ಆದರೂ ಆ ದಾರಿಯಲ್ಲಿ ಬರುತ್ತಿದ್ದವನು ಮತ್ತೆ ಬರಲಾರ. ಒಮ್ಮೆ ಕಡಲಿಗೆ ಕೊಟ್ಟದ್ದಾಯಿತು. ಈಗ ಕೈಯಾರೆ ನೆಲಕ್ಕೆ ಕೊಡುವುದು ಹೇಗೆ?

ಪಿಕಾಸಿ ಹಿಡಿದು ಬಂದ ಪ್ರೇಮಾನಂದನಿಗೆ ಆಕೆ, "ಅಲ್ಲ್ ಗುಂಡಿ ತೋಡುದ್ ಬೇಡ. ಅಲ್ಲ್ ನಾಗನ್ ನಡಿ ಇತ್ತ್," ಎಂದುಬಿಟ್ಟಳು.

ಪ್ರೇಮಾನಂದ ಪಿಕಾಸಿಯನ್ನು ಮೆಲ್ಲಗೆ ಗೋಡೆಗೆ ಒರಗಿಸಿದ. ನಾಗನು ಹಾದುಹೋಗುವ ದಾರಿಯೆಂದ ಮೇಲೆ ಕುಂದಾಪುರದ ಸೀಮೆಯಲ್ಲಿ ಯಾವ ಗಂಡಸೂ ಅಲ್ಲಿಗೆ ಕಬ್ಬಿಣ ಮುಟ್ಟಿಸುವುದಿಲ್ಲ. "ಮೊದ್ಲೇ ಹೇಳ್ಕಲ್ದಾ ಅಕ್ಕ," ಎಂದು ಅತ್ತ ಕೈಮುಗಿದು, ಸಾಮಾನು ಕಟ್ಟಿಕೊಂಡು ಹೋದ.

ಸುಳ್ಳು ಹೇಳಿ ಜಲಜಳಿಗೆ ಅಭ್ಯಾಸವಿರಲಿಲ್ಲ. ಅದರಲ್ಲಿಯೂ ನಾಗನ ಹೆಸರಿನಲ್ಲಿ. ಅಂದಿನಿಂದ ಆಕೆಗೆ ಕೊಟ್ಟಿಗೆಯ ಹಿಂದೆ ಹೋಗಲು ಭಯವಾಯಿತು. ಒಣಗಿದ ತೆಂಗಿನ ಗರಿ ಸರಿದರೂ ಎದೆ ಹಾರುತ್ತಿತ್ತು. ಇನ್ನೂ ಕೆಟ್ಟದ್ದೆಂದರೆ, ಹಿಡಿಗೆ ಕೈಯಿಟ್ಟಾಗ ಬರುತ್ತಿದ್ದ ತಟ್ಟುವಿಕೆಯೂ ಬೇರೆಯಾಗಿ ತೋರಿತು. ಮೊದಲು ಕರೆಯುವಂತಿದ್ದದ್ದು ಈಗ ಏನನ್ನೋ ಕೇಳುವಂತಿತ್ತು. "ಎಂತ ಬೇಕ್ ನಿಮ್ಗೆ?" ಎಂದು ಆಕೆ ಕೇಳುತ್ತಿದ್ದಳು. ಉತ್ತರವಾಗಿ ಅದೇ ಜುಮ್ಮು, ಬೆರಳಿನಿಂದ ಮೊಣಕೈಗೆ, ಮತ್ತೆ ಬೆರಳಿನಿಂದ ಮೊಣಕೈಗೆ.

ಶರಣ್ಯಾ ಕೆಲಸ ಮುಗಿಸಿ ಬರುವಾಗ ಕುಂದಾಪುರದ ಒಂದು ಹೋಟೆಲಿನ ಅಂಗಳದಲ್ಲಿ ಕಾರಿಗೆ ಕರೆಂಟು ತುಂಬಿಸಿಕೊಂಡು, ಅಷ್ಟು ಹೊತ್ತೂ ಕಾರಿನೊಳಗೆ ಕೂತು, ಕತ್ತಲಾದ ಮೇಲೆ ಮನೆಗೆ ಬರುತ್ತಿದ್ದಳು. ಒಂದು ವಾರ ಸುಮ್ಮನಿದ್ದು, ಆಮೇಲೆ ಹೇಳಿದಳು: "ಅಮ್ಮ, ಬಪ್ಪು ಆಯ್ತ್ವಾರ ಭಟ್ರನ್ನ್ ಕರ್ಸುವ. ನಾಗನ್ ನಡಿ ಎಲ್ಲಿತ್ತ್ ಅಂದೇಳಿ ಅವ್ರೇ ಕಂಡ್ ಹೇಳ್ಲಿ. ಅದ್ನ ಬಿಟ್ಟ್ ಬೇರೆ ಬದಿಯಂಗೆ ತೋಡುಕಾತ್ತಲೆ?"

ಜಲಜ ಎದ್ದು ಮಗಳಿಗೆ ಅನ್ನ ಬಡಿಸಿದಳು. ಭಟ್ಟರು ಬಂದರೆ ಸುಳ್ಳು ಹೊರಬೀಳುತ್ತದೆ.

ಮರುದಿನ ಮಧ್ಯಾಹ್ನ ಅಕ್ಕು ಐಸು ಕೊಂಡುಹೋಗಲು ಬಂದಳು. ಅವಳೂ ಮೀನಿನ ವ್ಯಾಪಾರದವಳು. ನಾವುಂದದ ತಾಯಿಮನೆಯಲ್ಲಿಯೇ ಇದ್ದು ವಾರಕ್ಕೆ ಎರಡು ಸಲವಾದರೂ ಅತ್ತಿಗೆಯ ಮನೆಗೆ ಬಂದುಹೋಗುವವಳು. ಹೊಂಡ ತೋಡಿದರೆ ಫ್ರೀಜರಿನ ಕರೆಂಟು ನಿಲ್ಲುವ ವಿಷಯವೂ, ನಾಗನ ವಿಷಯವೂ ಅವಳ ಕಿವಿಗೆ ಬಿದ್ದಿದ್ದವು.

"ಅಲ್ದಾ ಅತ್ಗಿ," ಎಂದು ಮೆಟ್ಟಿಲ ಮೇಲೆ ಕೂತು ಎಲೆ ಅಡಿಕೆ ಬಿಚ್ಚಿದಳು. "ನಿನ್ ಕೊಟ್ಗಿ ಹಿಂದೆ ನಾಗ ಯಾವಾಗ್ಳಿಂದ ನಡುಕ್ ಶುರು ಮಾಡ್ದ? ಅಣ್ಣಯ್ಯ ದೋಣಿ ಎಳ್ದ್ ಹಾಕ್ತಿದ್ದದ್ದ್ ಅಲ್ಲೇ. ಅದ್ರ್ ಅಡಿಗೆ ಬೆಂಕಿ ಹಾಕಿ ಟಾರ್ ಹೊಡಿತಿದ್ದದ್ದ್ ಅಲ್ಲೇ. ಅವತ್ತ್ ನಾಗ ರಜೆ ಹಾಕಿದ್ನಾ?"

ಜಲಜ ಐಸು ತುಂಬಲು ಕೊಟ್ಟಿಗೆಯ ಒಳಗೆ ಹೋದಳು. ಅಕ್ಕು ಹಿಂದೆಯೇ ಬಂದಳು. ಬಾಗಿಲಲ್ಲಿ ಅವಳೂ ಚಪ್ಪಲಿಯನ್ನು ಬಿಟ್ಟಳು.

ಜಲಜ ಅದನ್ನು ಎಷ್ಟೋ ಸಲ ಕಂಡಿದ್ದಳು. ತನ್ನನ್ನು ನೋಡಿ ಬಿಡುತ್ತಾಳೆಂದುಕೊಂಡಿದ್ದಳು. ಇಂದು ಅದೇಕೋ ಕಣ್ಣಿಗೆ ಚುಚ್ಚಿತು.

"ಅಕ್ಕು, ನೀನ್ ಯಂತಕೆ ಚಪ್ಲಿ ಬಿಡುದ್?"

ಅಕ್ಕುವಿನ ಬಾಯಲ್ಲಿದ್ದ ಎಲೆ ಅಡಿಕೆ ಅಲ್ಲಿಯೇ ನಿಂತಿತು. ಅವಳು ಮುಖವನ್ನು ಅತ್ತ ತಿರುಗಿಸಿದಳು. ಕಪಾಟಿನೊಳಗಿನ ಬೆಲ್ಲಕ್ಕೆ ಕೈ ಹಾಕಿ ಸಿಕ್ಕಿಬಿದ್ದ ಮಗುವಿನ ಮುಖದ ಹಾಗಿತ್ತು ಅದು.

"ನೀ ಯಂತಕೆ ಬಿಡ್ತೆ, ನಾನೂ ಅದಕ್ಕೇ ಬಿಡುದ್," ಎಂದಳು.

ಫ್ರೀಜರ್ ಗುಂಯ್ಗುಡುತ್ತಿತ್ತು.

"ಎಷ್ಟ್ ಸಮಯ ಆಯ್ತ್?" ಎಂದಳು ಜಲಜ.

"ಅಣ್ಣಯ್ಯ ಸತ್ತ್ ವರ್ಷದಿಂದ್ಲೂ ಇತ್ತ್. ಐಸ್ ನಮ್ಮೂರಂಗೆ ಸಿಕ್ಕುದಿಲ್ಯಾ ಅತ್ಗಿ? ಬಸ್ಸಿಗೆ ದುಡ್ಡ್ ಹಾಕಿ ಇಲ್ಲಿ ತನ್ಕ ಐಸಿಗಾ ನಾನ್ ಬಪ್ಪುದ್?" ಅಕ್ಕು ಸೆರಗಿನಿಂದ ಮೂಗನ್ನು ಒರೆಸಿಕೊಂಡಳು. "ಬಾಗ್ಲಂಗೆ ನಿಂತ್ ಗಂಟ್ಲ್ ಹರ್ಕಂಡ್ ಕರ್ದದ್ದ್ ನಾನ್. ವರ್ಷ ವರ್ಷ ಎಲಿ ಹಾಕುದ್ ನಾನ್. ನಮ್ಮನಿಯಂಗೆ ಒಂದ್ ದಿನ ಒಂದ್ ಗಾಳಿ ಅಲ್ಲಾಡ್ಲಿಲ್ಲೆ. ಬಂದ್ ಕೂಕಂಡದ್ದ್ ಹೆಂಡ್ತಿ ಮನಿಯಂಗೆ. ಬದ್ಕಿಪ್ಪತಿಗೂ ಹಾಂಗೇ, ಈಗ್ಳೂ ಹಾಂಗೇ."

ಜಲಜಳಿಗೆ ನಗು ಬಂತು. ಅದರ ಬೆನ್ನಿಗೇ ಹೊಟ್ಟೆಯುರಿಯೂ ಬಂತು. ತನಗೊಬ್ಬಳಿಗೇ ತಟ್ಟುತ್ತಾನೆಂದುಕೊಂಡದ್ದು ಇವಳಿಗೂ ತಟ್ಟಿದನೇ? ಮತ್ತೆ ನಾಚಿಕೆಯಾಯಿತು. ಒಡಹುಟ್ಟಿದವಳು. ಅವಳಿಗೂ ಅಣ್ಣನ ಹೆಣ ಸಿಕ್ಕಿರಲಿಲ್ಲ.

"ನಿಂಗೂ ಮೊಣ್ಕೈ ತನ್ಕ ಬತ್ತಾ?" ಎಂದು ಮೆಲ್ಲಗೆ ಕೇಳಿದಳು.

"ಮೊಣ್ಕೈ ಎಂತ ಮೊಣ್ಕೈ. ಕಳ್ದ್ ಮಳಿಗಾಲ ದೂಡಿ ಹಾಕೀನಲೆ ನನ್ನನ್ನ. ನೀನ್ ಕುಂದಾಪ್ರಕ್ಕೆ ಹೋಯಿದ್ದೆ. ಒದ್ದಿ ಸೀರಿ, ಒದ್ದಿ ಕೈ. ಹಿಡಿ ಮುಟ್ಟದ್ದೇ ಸೈ, ಎದಿ ಒಳ್ಗೆ ಸುತ್ಗಿಯಂಗೆ ಹೊಡ್ದ್ ಹಾಂಗ್ ಆಯ್ತ್. ಬಾಗ್ಲ್ ತನ್ಕ ಹೋಯ್ ಬಿದ್ದೆ. ಎಚ್ರ ಬಪ್ಪತಿಗೆ ನಾಲ್ಗಿ ಕಚ್ಕಂಡಿದ್ದೆ." ಅಕ್ಕು ತಗ್ಗಿದ ದನಿಯಲ್ಲಿ ಮುಂದುವರಿಸಿದಳು. "ಆ ವರ್ಷ ಎಲಿಗೆ ಮೀನ್ ಹಾಕುಕ್ ಆಯಿರ್ಲಿಲ್ಲೆ. ಅದಕ್ಕೇ ಸಿಟ್ಟ್ ಬಂತ್ ಕಾಣತ್ ಅಂದ್ಕಂಡ್ ಯಾರಿಗೂ ಹೇಳ್ಲಿಲ್ಲೆ."

ಜಲಜ ಐಸಿನ ಬುಟ್ಟಿಯನ್ನು ನೆಲಕ್ಕಿಟ್ಟಳು.

ಸೂರ ಕುಡಿದವನಲ್ಲ, ಕೂಗಿದವನಲ್ಲ. ಚಿಕ್ಕಂದಿನಲ್ಲಿ ತಂಗಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊಳೆ ದಾಟಿಸಿದವನು. ಅವಳ ಮದುವೆಯ ದಿನ ದೋಣಿಯ ಮರೆಗೆ ಹೋಗಿ ಅತ್ತವನು. ಎಲೆಗೆ ಮೀನು ಬೀಳಲಿಲ್ಲವೆಂದು ಅವಳನ್ನು ಎದೆಗೆ ಹೊಡೆದು ಬೀಳಿಸಿದನೆಂದರೆ ಜಲಜ ನಂಬಲಾರಳು. ಹಾಗಾದರೆ ಹೊಡೆದದ್ದು ಯಾರು?

ಬಾವಿಯ ಕಟ್ಟೆಯಲ್ಲಿ ಕುಕ್ಕರಗಾಲಲ್ಲಿ ಕೂತು, ಒಬ್ಬನೇ ಪೈಪನ್ನು ಇಳಿಸಿ, ಬಿಚ್ಚಿಟ್ಟ ತಂತಿಯನ್ನು ಮರೆಯದೆ ಮತ್ತೆ ಸುತ್ತಿ ಕಟ್ಟುತ್ತಿದ್ದ ಸೂರ ಅವಳ ಕಣ್ಣಿಗೆ ಕಟ್ಟಿದ. ಒಳ್ಳೆಯದನ್ನೇ ಮಾಡಿದೆನೆಂದುಕೊಂಡು ಎದ್ದು, ಕೈ ತೊಳೆದು, ಹಿಂದಿನಿಂದ ಬಂದು ಮೊಣಕೈಗೆ ತಟ್ಟಿದ್ದ. ಕೆಲಸವಾಯಿತು, ಚಹಾ ಕೊಡು. ಆ ಕೆಲಸ ಅಂದಿನಿಂದ ಈ ಕಬ್ಬಿಣದಲ್ಲಿ ಕೂತು ಕಾಯುತ್ತಿತ್ತು. ಹಾಗೆ ನೋಡಿದರೆ ತಾನು ತಿಳಿದದ್ದು ಪೂರ್ತಿ ಸುಳ್ಳಲ್ಲ. ಇದು ಅವನ ಕೈಯಿಂದಲೇ ಬಂದದ್ದು. ಆದರೆ ಕಳೆದ ಮಳೆಗಾಲದಲ್ಲಿ ಅಕ್ಕು ಎದ್ದಿರದಿದ್ದರೆ? ಸೂರ ಹಾಕಿದ ಪೈಪು ಸೂರನ ತಂಗಿಯನ್ನೇ ತಿಂದಿತೆಂದು ಊರು ಹೇಳುತ್ತಿತ್ತು. ಇನ್ನೊಂದು ಮಳೆಯಲ್ಲಿ ಶರಣ್ಯಾ ಒದ್ದೆ ಕಾಲಲ್ಲಿ ಬಂದು ಕಾರಿಗೆ ತಂತಿ ಸಿಕ್ಕಿಸಹೋದರೆ? ಹೆಣವೂ ಸಿಗದೆ ಹೋದವನ ತಲೆಗೆ ಕೊಲೆಯ ಹೊರೆಯೂ ಬಿದ್ದರೆ ಯಾವ ಮನೆಯ ಯಾವ ಎಲೆಗೆ ಅವನು ಬಂದಾನು?

ಇಷ್ಟು ದಿನ ಅವನು ಕೇಳುತ್ತಿದ್ದದ್ದು ಇದನ್ನೇ ಇರಬೇಕು ಎಂದು ಅವಳಿಗೆ ಅನ್ನಿಸಿತು.

"ಅಕ್ಕು," ಎಂದಳು, "ನಾಗನ್ ನಡಿ ಅಂದದ್ದ್ ಸುಳ್ಳ್. ಪ್ರೇಮಾನಂದಂಗೆ ಫೋನ್ ಮಾಡ್."

"ಮಾಡ್ರೆ ಅಣ್ಣಯ್ಯ ಹೋತ್ನಲೆ ಅತ್ಗಿ."

"ಹೋಯ್ಲಿ. ಅವ್ರ್ ಯಾರ್ನೂ ಕೊಂದದ್ದಿಲ್ಲ. ಇನ್ನ್ ಮುಂದೂ ಕೊಲ್ಲುಕಾಗ."

ಭಾನುವಾರ ಭಟ್ಟರು ಬರಲಿಲ್ಲ, ಪ್ರೇಮಾನಂದ ಬಂದ, ನಾವುಂದದಿಂದ ಅಕ್ಕುವೂ ಬಂದಳು. ಅದಕ್ಕೂ ಮೊದಲೇ ಜಲಜ ನಾಗಬನಕ್ಕೆ ಹೋಗಿ ಎಳನೀರು ಒಪ್ಪಿಸಿ, ಹೇಳಬೇಕಾದ್ದನ್ನು ಹೇಳಿ, ಕೈಮುಗಿದು ಬಂದಿದ್ದಳು. ನಡೆದದ್ದನ್ನೆಲ್ಲ ಮಗಳಿಗೂ ತಿಳಿಸಿದ್ದಳು. ಶರಣ್ಯಾ "ನಂಗೆ ಮೊದ್ಲೇ ಒಂದ್ ಮಾತ್ ಹೇಳುಕಾಯಿತ್ತಮ್ಮ. ಹೇಳಿದ್ರೆ ನಾನೂ ಬರಿಗಾಲಂಗೆ ಬತ್ತಿದ್ದೆ," ಎಂದಷ್ಟೇ ಹೇಳಿ ಒಳಗೆ ಹೋಗಿದ್ದಳು.

ಹೊಂಡ ಆಳವಾಯಿತು. ಮೇಲಿನ ಬಿಳಿಯ ಮರಳು ಮುಗಿದು, ಚಿಪ್ಪು ಸೇರಿದ ಕಂದು ಮರಳು ಬಂತು. ಅದರ ಕೆಳಗೆ ಕಪ್ಪಗೆ, ತಂಪಾಗಿ, ಕಡಲಿನ ವಾಸನೆಯ ಮರಳು. ಪ್ರೇಮಾನಂದ ಕಬ್ಬಿಣದ ಉದ್ದ ಕೊಳವೆಯನ್ನು ನಡುವೆ ನಿಲ್ಲಿಸಿ, "ಇನ್ನ್ ಇದ್ದ್ಲಿ, ಉಪ್ಪ್, ಇದ್ದ್ಲಿ, ಉಪ್ಪ್. ಒಂದ್ರ ಮೇಲೊಂದ್," ಎಂದ. ಇದ್ದಲಿಯ ಚೀಲವನ್ನು ಅವನೇ ತಂದಿದ್ದ. ಉಪ್ಪನ್ನು ಜಲಜ ಮೀನು ಒಣಗಿಸುವ ಚೀಲದಿಂದ ಮೊರದಲ್ಲಿ ತಂದಳು. ಅವನು ಕೈ ಚಾಚಿದಾಗ ಕೊಡಲಿಲ್ಲ.

"ನಾವೇ ಹಾಕ್ತ್," ಎಂದಳು.

ಅತ್ತಿಗೆ ನಾದಿನಿಯರು ಕಾಲು ತೊಳೆದು ಬಂದು, ಹೊಂಡದ ಎರಡು ಬದಿಗೆ ಕೂತು, ಬೊಗಸೆಯಲ್ಲಿ ಹಾಕಿದರು. ಇವಳು ಇದ್ದಲಿ, ಅವಳು ಉಪ್ಪು. ಎಲ್ಲೆಂದರಲ್ಲಿ ಹಾಸ್ಯ ಮಾಡುವ ಪ್ರೇಮಾನಂದನೂ ಏನನ್ನೋ ಅರಿತವನಂತೆ ತಲೆಗೆ ಸುತ್ತಿದ್ದ ಬೈರಾಸನ್ನು ತೆಗೆದು ಹೆಗಲಿಗೆ ಹಾಕಿಕೊಂಡು ದೂರ ನಿಂತ.

ತಂತಿಯನ್ನು ಕೊಳವೆಗೆ ಬಿಗಿಯುವ ಮುಂಚೆ ಅವನು ಜಲಜಳ ಮುಖ ನೋಡಿದ. ಆಕೆ ಕೊಟ್ಟಿಗೆಯ ಒಳಗೆ ಹೋದಳು. ಕೈ ಒದ್ದೆ ಮಾಡಿಕೊಂಡು ಹಿಡಿಯನ್ನು ಮುಟ್ಟಿದಳು. ಬಂತು, ಬೆರಳಿಗೆ, ಮಣಿಕಟ್ಟಿಗೆ, ಮೊಣಕೈಗೆ. ಅಕ್ಕು ಬಂದು ಪಕ್ಕದಲ್ಲಿ ನಿಂತಳು, ಆದರೆ ಮುಟ್ಟಲಿಲ್ಲ. ಜಲಜ ಅವಳ ಕೈಯನ್ನು ಹಿಡಿದುಕೊಂಡಳು. ಆ ಕೈಯ ಮೂಲಕ ಅಕ್ಕುವಿಗೂ ಬಂದಿರಬೇಕು. ಅವಳ ಬೆರಳು ಅದುರಿತು. ಹೊರಗೆ ಸ್ಪಾನರು ತಿರುಗುವ ಕಿರ್ ಎಂಬ ಸದ್ದಾಯಿತು. ಮತ್ತೆ ಹಿಡಿ ಬರಿಯ ತಣ್ಣನೆಯ ಕಬ್ಬಿಣವಾಗಿತ್ತು.

ಶರಣ್ಯಾ ತಂತಿಯನ್ನು ಹೊಸ ಪ್ಲಗ್ಗಿಗೆ ಸಿಕ್ಕಿಸಿದಳು. ಹಸುರು ದೀಪ ಹತ್ತಿತು. ಯಾರೂ ಸಂಭ್ರಮಿಸಲಿಲ್ಲ.

ಆಮೇಲಿನ ದಿನಗಳು ಜಲಜಳಿಗೆ ಕಠಿಣವಾದವು. ಕೊಟ್ಟಿಗೆಗೆ ಹೋದರೆ ಕಾರು ನಿಂತಿರುತ್ತಿತ್ತು, ಫ್ರೀಜರ್ ಗುಂಯ್ಗುಡುತ್ತಿತ್ತು, ಆದರೆ ಆ ಜಾಗದಲ್ಲಿ ಯಾರೂ ಇರಲಿಲ್ಲ. ಹೇಳುವ ಮಾತು ನಾಲಗೆಯ ಮೇಲೆ ಬಂದು, ಕೇಳುವವರಿಲ್ಲದೆ ಹಿಂದೆ ಹೋಗುತ್ತಿತ್ತು. ಮೊದಲ ಸಲ ಗಂಡ ಸತ್ತಾಗ ಊರೆಲ್ಲ ಬಂದಿತ್ತು. ಈ ಸಲ ಯಾರನ್ನೂ ಕರೆಯುವಂತಿರಲಿಲ್ಲ.

ಪ್ರೇಮಾನಂದ ಹೊಂಡಕ್ಕೆ ಸಿಮೆಂಟಿನ ಕಟ್ಟೆ ಕಟ್ಟಿ, ನಡುವೆ ಕೊಳವೆಯ ಬಾಯಿಯನ್ನು ತೆರೆದಿಟ್ಟಿದ್ದ. ಚಳಿಗಾಲ ಕಳೆದು ಬಿಸಿಲು ಏರಿದಾಗ ಒಂದು ದಿನ ಆ ದಾರಿಯಲ್ಲಿ ಹೋಗುತ್ತ ಬೈಕು ನಿಲ್ಲಿಸಿದ.

"ಜಲಜಕ್ಕ, ಹೊಂಡಕ್ಕೆ ನೀರ್ ಹಾಕ್ತಿದ್ರ್ಯಾ? ಬೇಸ್ಗೆಯಂಗೆ ಒಣ್ಗಿ ಹೋರೆ ಅದ್ ಇದ್ದೂ ಇಲ್ದೆ. ಆಗಾಗ ಒಂದ್ ಕೊಡ ನೀರ್ ಬಿಡ್ಕ್."

"ಯಾರ್ ಬಿಡ್ಕ್?" ಎಂದಳು ಜಲಜ.

"ಯಾರಾದ್ರೂ ಆತ್ತ್. ಮನಿಯವ್ರ್ ಬಿಟ್ರೆ ಆಯ್ತ್."

ನಾವುಂದದಲ್ಲಿ ಸೂರನ ಹೆಸರಿಗೆ ನೀರು ಬಿಟ್ಟ ದಿನ ಆಕೆಯ ಕೈಗೆ ಯಾರೂ ತಂಬಿಗೆ ಕೊಟ್ಟಿರಲಿಲ್ಲ. ಜಲಜ ಬಾವಿಯಿಂದ ಕೊಡ ತುಂಬಿ ತಂದು, ಸೆರಗನ್ನು ಬಿಗಿದು, ಕೊಳವೆಯ ಬಾಯಿಗೆ ಮೆಲ್ಲಗೆ ಹೊಯ್ದಳು. ನೀರು ಗುಳುಗುಳು ಎನ್ನುತ್ತ ಇಳಿಯಿತು. ಮೇಲೆ ಬಿಸಿಲಿಗೆ ಕಾದಿದ್ದ ಮರಳು. ಕೆಳಗೆ ಎಲ್ಲಿಯೋ, ಆ ಕಪ್ಪು ತಂಪಿನಲ್ಲಿ, ಕುಡಿಯುವವರು ಕುಡಿದಂತೆ ಒಂದು ಸದ್ದು. ಆಕೆ ಅದು ನಿಲ್ಲುವ ತನಕ ಬಾಗಿಯೇ ನಿಂತಳು.

ಆಮೇಲೆ ಅದು ಸಂಜೆಯ ಕೆಲಸವಾಯಿತು. ಒಂದು ವಾರ ಕಳೆದು ಅಕ್ಕು ಬಂದು ನೋಡಿ, ಮೆಟ್ಟಿಲ ಮೇಲೆ ಕೂತು, ಎಲೆ ಅಡಿಕೆ ಮೆಲ್ಲುತ್ತ ಹೇಳಿದಳು:

"ದಿನಾ ನೀನೇ ಹಾಕ್ರೆ ಹ್ಯಾಂಗೆ ಅತ್ಗಿ? ಮಂಗ್ಳಾರ ನಂಗೆ ಬಿಡ್."

"ನಿನ್ ಮನಿಯಂಗೆ ಎಲಿ ಇತ್ತಲೆ?"

"ಎಲಿ ಇತ್ತ್. ಇಲ್ಲ್ ಆದ್ರೆ ಅವ ಕುಡಿಯು ಸದ್ದ್ ಕೇಂತ್ತ್."

ಜಲಜ ಕೊಡವನ್ನು ಅವಳ ಕಡೆಗೆ ಸರಿಸಿದಳು. "ಮಂಗ್ಳಾರ ಒಂದೇ," ಎಂದಳು.